ಕನ್ನಡಿ ಶಿಲ್ಪ: ಬೆಸುಗೆಯ ಗೆರೆ ಮರೆಯಾಗಲೇಬೇಕೆ?

ಪರ

ಷಿಕಾಗೋದ ಮಿಲೇನಿಯಂ ಪಾರ್ಕ್ 2004ರಲ್ಲಿ ತೆರೆದಾಗ ಶಿಲ್ಪಿ ಅನೀಶ್ ಕಪೂರ್ ಅವರ ಕನ್ನಡಿಯಂತೆ ಹೊಳೆಯುವ ಭಾರೀ ಉಕ್ಕಿನ ಶಿಲ್ಪ ‘ಕ್ಲೌಡ್ ಗೇಟ್’ ಮೇಲೆ ಬೆಸುಗೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಜನರ ಕಣ್ಣಿಗೆ ಬಿದ್ದದ್ದು 168 ಸ್ಟೇನ್‌ಲೆಸ್ ಸ್ಟೀಲ್ ಫಲಕಗಳ ಜೋಡಣೆ. ಆಮೇಲೆ ಸುತ್ತ ಡೇರೆ ಕಟ್ಟಿ ಒಂದೊಂದೇ ಬೆಸುಗೆಯನ್ನು ತೇಯ್ದರು. ಮೊದಲು 40 ಗ್ರಿಟ್‌ನ ಒರಟು ಗ್ರೈಂಡರ್ (ಗ್ರಿಟ್ ಎಂದರೆ ತೇಯುವ ಕಣಗಳ ಅಳತೆ, ಅಂಕಿ ಹೆಚ್ಚಿದಷ್ಟೂ ನಯ). ಉಬ್ಬು ಇಳಿದ ಮೇಲೆ 80, 100, 120. ಗೀರು ಹೋಗಲು 400, 600, 800. ಕೊನೆಗೆ ರೂಜ್ ಎಂಬ ಹೊಳಪು ಕೊಡುವ ನಯವಾದ ಪುಡಿ ಹಚ್ಚಿದ ಬಫಿಂಗ್ ಚಕ್ರ. 2006ರ ಲೋಕಾರ್ಪಣೆಯ ಹೊತ್ತಿಗೆ ಗೆರೆಯ ಸುಳಿವೇ ಇರಲಿಲ್ಲ.

ಇಷ್ಟು ಹಟ ಬೇಕೇ ಬೇಕು. ಕನ್ನಡಿಯ ಮೈ 1 ಡಿಗ್ರಿ ವಾಲಿದರೆ ಅದರಿಂದ ಹೊರಡುವ ಕಿರಣ 2 ಡಿಗ್ರಿ ತಿರುಗುತ್ತದೆ. 10 ಮೀಟರ್ ದೂರಕ್ಕೆ ಅದು ಸುಮಾರು 35 ಸೆಂ.ಮೀ. ಸರಿದಿರುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಶಾಖ ಬೇಗ ಹರಡುವುದಿಲ್ಲ, ಸಾಮಾನ್ಯ ಉಕ್ಕಿಗಿಂತ ಅದು ಹೆಚ್ಚು ಹಿಗ್ಗುತ್ತದೆ ಬೇರೆ. ಹಾಗಾಗಿ ಬೆಸುಗೆಯ ಆಚೀಚೆ ಫಲಕ ಸೊಟ್ಟಗಾಗುತ್ತದೆ. ಗೆರೆಯನ್ನಷ್ಟೇ ತೇಯ್ದರೆ ಅಲ್ಲಿ ತಗ್ಗು ಬಿದ್ದು, ಎದುರಿನ ಕಟ್ಟಡದ ನೇರ ಅಂಚು ಹಾವಿನಂತೆ ಬಳುಕುತ್ತದೆ. ಎರಡೂ ಕಡೆ ಅಗಲಕ್ಕೆ ಹರಡಿಕೊಂಡು ತೇಯಬೇಕು. ಒಂದೇ ಒಂದು ಗೆರೆ ಉಳಿದರೂ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ, ಉಕ್ಕಿನ ಮೈ ಎಷ್ಟು ದೂರದಲ್ಲಿದೆ ಎಂದು ತಕ್ಷಣ ತಿಳಿದುಬಿಡುತ್ತದೆ. ಮೈ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲಾಗದಿರುವುದರಲ್ಲೇ ಈ ಕೃತಿಯ ಜೀವವಿದೆ.

ವಿರೋಧ

ಕಪೂರ್ ಅವರ ಕೃತಿಗೆ ಗೆರೆ ಮರೆಯಾಗುವುದು ಒಪ್ಪುತ್ತದೆ. ಅದನ್ನೇ ಎಲ್ಲ ಕನ್ನಡಿ ಕೆಲಸಕ್ಕೂ ನಿಯಮ ಮಾಡಲಾಗದು. ಇರಾನಿನ ಮೊನೀರ್ ಫರ್ಮಾನ್‌ಫರ್ಮಾಯಾನ್ (ನಿಧನ 2019) ಹಿಡಿದದ್ದು ಆಯ್ನಾ-ಕಾರಿ ಎಂಬ ಹಳೆಯ ಕಸುಬು: ತೆಳು ಕನ್ನಡಿಯನ್ನು ತ್ರಿಕೋನ, ಷಟ್ಕೋನಗಳಾಗಿ ಕೊಯ್ದು ಪ್ಲಾಸ್ಟರ್‌ನಲ್ಲಿ ಕೂರಿಸುವುದು. ಅಲ್ಲಿ ಗೆರೆ ತೆಗೆದರೆ ಕೃತಿಯೇ ಉಳಿಯದು. ತುಂಡುಗಳು ಒಂದಕ್ಕಿಂತ ಒಂದು ತುಸು ಬೇರೆ ಕೋನದಲ್ಲಿ ಕೂತಿರುವುದರಿಂದ ಒಂದರಲ್ಲಿ ಕಣ್ಣು, ಪಕ್ಕದ್ದರಲ್ಲಿ ಕಿವಿ, ಇನ್ನೊಂದರಲ್ಲಿ ಹಿಂದಿನ ಕಿಟಕಿಯ ಬೆಳಕು. ಕದಲಿದರೆ ಸಾಕು, ಎಲ್ಲವೂ ಮತ್ತೆ ಬೇರೆ.

ಇನ್ನು ವಸ್ತುವಿನ ಮಾತು. ಗಾಜಿನ ತುಂಡುಗಳನ್ನು ಅಲ್ಯೂಮಿನಿಯಂ ಹಲಗೆಗೆ ಅಂಟಿಸಿದ್ದೀರಿ ಎನ್ನಿ. 40 ಡಿಗ್ರಿ ಏರಿಳಿತಕ್ಕೆ 1 ಮೀಟರ್ ಗಾಜು 0.4 ಮಿ.ಮೀ.ಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತದೆ, ಅಲ್ಯೂಮಿನಿಯಂ 0.9 ಮಿ.ಮೀ. ತುಂಡುಗಳ ನಡುವೆ ಸಂದು ಬಿಡದಿದ್ದರೆ ತಣ್ಣಗಾದಾಗ ಹಲಗೆ ಕುಗ್ಗಿ, ಅಂಚುಗಳು ಒಂದನ್ನೊಂದು ಒತ್ತಿ ಚಕ್ಕೆ ಏಳುತ್ತವೆ. 2 ಮಿ.ಮೀ. ಸಂದು ಬಿಡಿ. ಕೊಯ್ದ ಅಂಚಿಗೆ ಬಣ್ಣವೋ ಸೀಲರ್ರೋ ಬಳಿಯಿರಿ, ಇಲ್ಲವಾದರೆ ತೇವ ನುಗ್ಗಿ ಬೆಳ್ಳಿಯ ಲೇಪ ಅಂಚಿನಿಂದ ಕಪ್ಪಾಗುತ್ತಾ ಬರುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಬೇಡವೇ ಬೇಡ: ಅದರಿಂದ ಹೊರಡುವ ಆಮ್ಲ ಆ ಲೇಪವನ್ನು ತಿನ್ನುತ್ತದೆ. ಅಂಥ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಬಳಸಿ.

ದುರಸ್ತಿಯಲ್ಲೂ ಗೆರೆಯದೇ ಅನುಕೂಲ. ಒಂದು ತುಂಡು ಒಡೆದರೆ ಅದನ್ನಷ್ಟೇ ಬಿಡಿಸಿ ಹೊಸದು ಕೂರಿಸಬಹುದು. ಗೆರೆಯಿಲ್ಲದ ಉಕ್ಕಿನ ಮೇಲೆ ಆಳವಾದ ಗೀರು ಬಿದ್ದರೆ ಸುತ್ತಲಿನ ಜಾಗವನ್ನೂ ಸೇರಿಸಿ ತೇಯಬೇಕು. 2009ರಲ್ಲಿ ಯಾರೋ ಕ್ಲೌಡ್ ಗೇಟ್ ಮೇಲೆ ಹೆಸರು ಕೊರೆದಾಗ, ಮೊದಲು ಪಾಲಿಶ್ ಮಾಡಿದವರನ್ನೇ ಮತ್ತೆ ಕರೆಸಬೇಕಾಯಿತು.