ಆಂಡರ್ಮಾಟ್‌ನ ಬನ, ಕಳಚೆಯ ತೋಟ

ಕಳೆದ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ರೈಲು ಹತ್ತಿ ಆಂಡರ್ಮಾಟ್‌ಗೆ ಹೋಗಿದ್ದೆ. ಊರಿನ ಬೆನ್ನಿಗಿರುವ ಬೆಟ್ಟವೆಲ್ಲ ಬರೀ ಹುಲ್ಲು. ನಡುವೆ ಒಂದೇ ಕಡೆ ತ್ರಿಕೋನಾಕಾರದ ದಟ್ಟ ಕಾಡು. ದಾರಿಯಲ್ಲಿ ಜೊತೆಯಾದ ಅಲ್ಲಿನ ಹಿರಿಯರೊಬ್ಬರು ಅದನ್ನು ತೋರಿಸಿ ‘ಬಾನ್‌ವಾಲ್ಡ್’ ಎಂದರು. ನನ್ನ ಕಿವಿಗೆ ಬಿದ್ದದ್ದು ‘ಬನ’. ಅವರ ಮಾತಿನಲ್ಲಿ ಅದು ನಿಷೇಧದ ಕಾಡು. ಆದರೂ ಆ ಗಳಿಗೆಯಲ್ಲಿ ನಮ್ಮೂರ ಚೌಡಿಬನದ ಎದುರು ಚಪ್ಪಲಿ ಬಿಟ್ಟು ನಿಂತ ಹಾಗಾಯಿತು.

1397ರಲ್ಲಿ ಆ ಕಣಿವೆಯವರು ಸೇರಿ ಕರಾರುಪತ್ರ ಬರೆದುಕೊಂಡಿದ್ದಾರೆ. ಈ ಕಾಡಿನ ಮರ ಹಾಗಿರಲಿ, ಕೊಂಬೆಯನ್ನೂ ಕಾಯಿಯನ್ನೂ ಯಾರೂ ಒಯ್ಯುವಂತಿಲ್ಲ. ಕಾಡು ಹೋದರೆ ಮೇಲಿನ ಹಿಮವೆಲ್ಲ ಜಾರಿ ಮನೆಗಳ ಮೇಲೇ ಬೀಳುತ್ತದೆ. ಮರವಿಲ್ಲದ ಇಳಿಜಾರುಗಳಲ್ಲಿ ಸಾಲುಸಾಲಾಗಿ ಉಕ್ಕಿನ ಬೇಲಿ ನಿಲ್ಲಿಸಿದ್ದಾರೆ. ಅದಕ್ಕೆ ಹೆಕ್ಟೇರಿಗೆ ಸುಮಾರು 10 ಲಕ್ಷ ಫ್ರಾಂಕ್, ಅಂದರೆ ಹತ್ತು ಕೋಟಿ ರೂಪಾಯಿಯ ಆಸುಪಾಸು. ಕಾಡು ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನು ಕಬ್ಬಿಣದಿಂದ ಮಾಡಿಸಿದರೆ ಎಷ್ಟಾದೀತು ಎಂಬುದು ಅಲ್ಲಿ ಊರಿನವರಿಗೆಲ್ಲ ಗೊತ್ತು.

ನಮ್ಮಲ್ಲೂ ಕಾಡಿಗೆ ಬೆಲೆ ಕಟ್ಟುತ್ತಾರೆ. ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದ ಮೇಲೆ ಎನ್‌ಪಿವಿ (ನಿವ್ವಳ ವರ್ತಮಾನ ಮೌಲ್ಯ) ಅಂತ, ಕಾಡು ತೆಗೆಯುವವರು ಕಟ್ಟಬೇಕಾದ ಒಂದು ಮೊತ್ತ ಬಂತು. 2022ರಲ್ಲಿ ಪರಿಷ್ಕರಿಸಿದ ದರದ ಪ್ರಕಾರ ಹೆಕ್ಟೇರಿಗೆ 9.57 ಲಕ್ಷದಿಂದ 15.95 ಲಕ್ಷ ರೂಪಾಯಿ. ಯೋಜನೆಯವರು ಒಮ್ಮೆ ಕಟ್ಟಿದರಾಯಿತು, ಕಡಿಯುವ ದಾರಿ ಸಲೀಸು. ಬದಲಿಗೆ ಇನ್ನೆಲ್ಲೋ ನೆಟ್ಟ ಗಿಡಗಳು ನಮ್ಮ ಗುಡ್ಡದ ಮಣ್ಣನ್ನು ಹಿಡಿದು ನಿಲ್ಲಿಸುವುದಿಲ್ಲ. ಅಕೇಶಿಯಾ ನೆಡುತೋಪಿನಲ್ಲಿ ಓಡಾಡಿದವರಿಗೆ ನಾನು ಇದನ್ನು ವಿವರಿಸಬೇಕಿಲ್ಲ. ಆಂಡರ್ಮಾಟ್‌ನಲ್ಲಿ ಕಾಡು ಹೋದರೆ ಏನಾದೀತು ಎಂದು ಮೊದಲೇ ಲೆಕ್ಕ ಹಾಕುತ್ತಾರೆ. ಇಲ್ಲಿ ಕಾಡು ತೆಗೆಯಲು ಎಷ್ಟು ಕಟ್ಟಬೇಕು ಎಂದಷ್ಟೇ ಕೇಳುತ್ತಾರೆ. ಉಳಿದ ಖರ್ಚು ಗುಡ್ಡದ ಬುಡದಲ್ಲಿರುವವನ ತಲೆಯ ಮೇಲೆ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು ಚಹಾದಂಗಡಿಯ ಸಂಸಾರವನ್ನೇ ಒಯ್ದಿತು. ಗಂಗಾವಳಿ ನದಿಯೊಳಗೆ ಬಿದ್ದ ಲಾರಿಯನ್ನು ಎತ್ತಲು ಸೆಪ್ಟೆಂಬರ್‌ವರೆಗೆ ಹುಡುಕಬೇಕಾಯಿತು. ಡ್ರೆಜರ್, ಮುಳುಗುಗಾರರು, ಮುಚ್ಚಿದ ಹೆದ್ದಾರಿ, ದಿನಗಟ್ಟಲೆ ನಿಂತ ಲಾರಿಗಳು. ಆ ಗುಡ್ಡ ಕಡಿಯುವ ಮುಂಚೆ ಈ ಬಿಲ್ಲನ್ನು ಯಾರಾದರೂ ಬರೆದಿದ್ದರೆ!

ನನ್ನ ಸೋದರಮಾವನ ತೋಟ ಇದ್ದದ್ದು ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ. 2021ರ ಜುಲೈನ ಮಳೆಯಲ್ಲಿ ಗುಡ್ಡ ಜಾರಿತು. ಎರಡು ದಿನ ಫೋನು ಹತ್ತಲಿಲ್ಲ. ಹತ್ತಿದಾಗ ಮಾವ, “ತೋಟ ಇದ್ದ ಜಾಗವೇ ಇಲ್ಲೆ ಮಾಣಿ” ಎಂದ. ಪರಿಹಾರ ಹೋದ ಮರಗಳಿಗೆ ಬರಬಹುದು. ಅಜ್ಜನ ಕಾಲದಿಂದ ಸೊಪ್ಪು, ಗೊಬ್ಬರ ಹಾಕಿ ಮಾಡಿದ ಮಣ್ಣಿಗೆ, ಮೇಲಿಂದ ಕಾಲುವೆಯಲ್ಲಿ ಬರುತ್ತಿದ್ದ ಅಬ್ಬಿ ನೀರಿಗೆ ಯಾವ ನಮೂನೆಯಲ್ಲೂ ಕಲಂ ಇಲ್ಲ.

ಕಳಚೆಯ ನೆತ್ತಿಯ ಮೇಲೆ ಕಾಡು ಇತ್ತು, ಅದನ್ನು ನಾನು ಹೇಳಲೇಬೇಕು. ಆ ಮಳೆಗೆ ಬೇರೂ ಸಾಲಲಿಲ್ಲ. ಬಾನ್‌ವಾಲ್ಡ್ ಇದ್ದೂ 1951ರ ಜನವರಿಯಲ್ಲಿ ಆಂಡರ್ಮಾಟ್‌ಗೆ ಹಿಮ ಕುಸಿದು 13 ಜನ ಸತ್ತರು. ಸ್ವಿಸ್ಸರೇನೂ ಹುಟ್ಟಾ ಜಾಣರಲ್ಲ. ಬೆಟ್ಟಗಳನ್ನು ಬೋಳಿಸಿ, 1868ರ ಪ್ರವಾಹ ಕಂಡ ಮೇಲೆಯೇ 1876ರಲ್ಲಿ ಅರಣ್ಯ ಕಾಯ್ದೆ ತಂದರು. ತೋಟದ ಗೊಬ್ಬರಕ್ಕೆ ಸೊಪ್ಪಿನ ಬೆಟ್ಟವನ್ನೇ ನಂಬಿದ ಸಾವಿರಾರು ಮನೆಗಳು ಅವರಿಗಿಲ್ಲ. ಬೇಲಿಗೆ ಸುರಿಯುವ ದುಡ್ಡು ನಮಗಿಲ್ಲ.

ದುಡ್ಡಿಲ್ಲದವರೇ ಮೊದಲು ಲೆಕ್ಕ ಹಾಕಬೇಕಲ್ಲವೇ?

ಮಾವ ಉಳಿದ ಅಂಚಿನಲ್ಲಿ ಮತ್ತೆ ಅಡಿಕೆ ಸಸಿ ಇಟ್ಟಿದ್ದಾನೆ. ಮೊನ್ನೆ ಫೋನಿನಲ್ಲಿ ಅಂದ, “ಇವು ಫಸಲಿಗೆ ಬಪ್ಪಷ್ಟೊತ್ತಿಗೆ ಎಂಗೆ ಎಂಬತ್ತಾಗ್ತು.”