ಹಳೇ ರೈಫಲ್‌ಗೆ ಹೊಸ ನಳಿಗೆ, ಅದೂ .222ರಲ್ಲೇ

ನಳಿಗೆ ಸವೆಯಿತು ಅಂತ ಒಳ್ಳೆಯ ರೈಫಲನ್ನು ಮೂಲೆಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ತೋಟಾವನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಗಟ್ಟಿಯಾಗಿದೆ, ಕುದುರೆ (ಟ್ರಿಗರ್) ಬೆರಳಿಗೆ ಒಗ್ಗಿದೆ, ಮರದ ಹಿಡಿ ಭುಜಕ್ಕೆ ಸರಿಯಾಗಿ ಕೂರುತ್ತದೆ. ಹಾಳಾಗಿರುವುದು ಒಂದು ಕೊಳವೆ, ಅಷ್ಟೇ. ಅದನ್ನು ಬದಲಿಸಿದರೆ ಆಯಿತು.

ನನ್ನ ರೆಮಿಂಗ್ಟನ್ 700 ರೈಫಲ್ ಇದ್ದದ್ದು .223 ಅನ್ನುವ ತೋಟಾದ ಅಳತೆಯಲ್ಲಿ. ಈಗ ಹೊಸ ನಳಿಗೆ ಹಾಕಿಸಿದ್ದೇನೆ. ಮತ್ತೆ .223 ಅಲ್ಲ, 1950ರಲ್ಲಿ ಬಂದ .222 ರೆಮಿಂಗ್ಟನ್. ಇಲ್ಲಿ ಅಮೆರಿಕದಲ್ಲಿ ಅದಕ್ಕೆ ಪ್ರೀತಿಯಿಂದ ಟ್ರಿಪಲ್ ಡ್ಯೂಸ್, ಅಂದರೆ ಮೂರು ಎರಡು, ಅನ್ನುತ್ತಾರೆ. "ಅಣ್ಣಾ, ಎಲ್ಲ ಅಂಗಡೀಲೂ ಸಿಗೋ ತೋಟಾ ಬಿಟ್ಟು ಇದ್ಯಾಕೆ?" ಅಂತ ಇಲ್ಲಿನ ಕನ್ನಡದ ಗೆಳೆಯನೊಬ್ಬ ಕೇಳಿದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ನೋಡೋಣ. ಪೆನ್ಸಿಲ್ವೇನಿಯಾದ ಸೋಯಾ ಹೊಲಗಳಲ್ಲಿ ಬಿಲ ತೋಡುವ ಗ್ರೌಂಡ್‌ಹಾಗ್ ಅನ್ನುವ ದಂಶಕದ ಕಾಟ. ಫೆಬ್ರವರಿ 2ಕ್ಕೆ ಪಂಕ್ಸುಟಾನಿ ಊರಲ್ಲಿ ಬಿಲದಿಂದ ಎತ್ತಿ, ಚಳಿಗಾಲ ಇನ್ನೆಷ್ಟು ದಿನ ಅಂತ ಕೇಳುತ್ತಾರಲ್ಲ, ಅದೇ ಪ್ರಾಣಿ. ನಾಲ್ಕೈದು ಕೆಜಿ ತೂಗುತ್ತದೆ. ಸೋಯಾ ಎರಡು ಎಲೆ ಬಿಟ್ಟಿತು ಅನ್ನುವಷ್ಟರಲ್ಲಿ ಬಿಲದ ಸುತ್ತ ನೆಲ ಬೋಳಾಗಿರುತ್ತದೆ. ಕೊಟ್ಟಿಗೆಯ ಅಡಿಪಾಯದ ಕೆಳಗೂ ತೋಡುತ್ತದೆ. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ನುಗ್ಗಿದ್ದನ್ನು ಕಂಡವರಿಗೆ ಇಲ್ಲಿನ ರೈತರ ಮುಖ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ.

ಕಾನೂನು ಮಾತ್ರ ಪೂರ್ತಿ ಬೇರೆ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಇದನ್ನು ಓದಿ ಯಾರೂ ಅಲ್ಲಿ ಕೋವಿ ಎತ್ತಬೇಡಿ. ಇಲ್ಲಿ ಬೇಟೆ ಲೈಸೆನ್ಸ್ ಬೇಕು, ಜಮೀನಿನವರ ಒಪ್ಪಿಗೆ ಬೇಕು. ಎಚ್-1ಬಿಯಂಥ ವೀಸಾದಲ್ಲಿರುವ ನಮ್ಮ ಹುಡುಗರಿಗೆ ಇನ್ನೊಂದು ಮಾತು. ನೀವು ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಇನ್ನು ನಳಿಗೆ ಸವೆಯುವುದು ಹೇಗೆ ಅಂದರೆ, ಗುಂಡು ಉಜ್ಜಿ ಸವೆಯುವುದಕ್ಕಿಂತ ಜಾಸ್ತಿ ಬಿಸಿ ಅನಿಲ ತಾಗಿ ಸುಡುತ್ತದೆ. ತೋಟಾ ಕೂರುವ ಜಾಗ (ಚೇಂಬರ್) ಮುಗಿದು, ಗುಂಡನ್ನು ತಿರುಗಿಸುವ ಸುರುಳಿ ಗೀರು ಶುರುವಾಗುತ್ತದಲ್ಲ, ಏಟು ಬೀಳುವುದು ಅಲ್ಲೇ. ನಳಿಗೆಯ ಒಳಗೆ ನೋಡುವ ಬೋರ್‌ಸ್ಕೋಪ್ ಹಾಕಿ ನೋಡಿದಾಗ ಆ ಉಕ್ಕು ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಸಣ್ಣ ತೂತಿನಲ್ಲಿ ಜಾಸ್ತಿ ಮದ್ದು ಸುಟ್ಟಷ್ಟೂ ಇದು ಬೇಗ ಆಗುತ್ತದೆ. 1935ರ .220 ಸ್ವಿಫ್ಟ್ ತೋಟಾ 48 ಗ್ರೇನ್ (ಸುಮಾರು 3 ಗ್ರಾಂ) ಗುಂಡನ್ನು ಸೆಕೆಂಡಿಗೆ 4110 ಅಡಿ ವೇಗದಲ್ಲಿ ಎಸೆಯುತ್ತಿತ್ತು, ನಳಿಗೆ ತಿನ್ನುತ್ತದೆ ಅನ್ನುವ ಹೆಸರೂ ಅದಕ್ಕೆ ಅಂಟಿಕೊಂಡಿತು. .22-250 ಕೂಡ ಅದೇ ಜಾತಿ. ಪಶ್ಚಿಮದ ಬಯಲಿನಲ್ಲಿ 400 ಗಜದಾಚೆ ಪ್ರೇರಿ ಡಾಗ್ ಅನ್ನುವ ಅಳಿಲಿನ ಜಾತಿಯ ಪ್ರಾಣಿ ಹೊಡೆಯುವವರಿಗೆ ಅವು ಬೇಕು. ನನ್ನ ಹೊಲಗಳಲ್ಲಿ 200 ಗಜ ದಾಟಿದರೆ ಬೇಲಿ, ಅದರಾಚೆ ಇನ್ನೊಬ್ಬರ ಮನೆ. ಅಷ್ಟು ವೇಗ ಇಟ್ಟುಕೊಂಡು ಏನು ಮಾಡಲಿ?

ಈಗ .222. ರೆಮಿಂಗ್ಟನ್‌ನ ಮೈಕ್ ವಾಕರ್ ಇದನ್ನು ಮಾಡಿದ್ದು. ಬೇರೆ ಯಾವುದೋ ಹಳೆಯ ಕೇಸನ್ನು (ಮದ್ದು ತುಂಬುವ ಹಿತ್ತಾಳೆಯ ಕೋಶ) ಒತ್ತಿ ಮಾಡಿದ್ದಲ್ಲ, ಮೊದಲಿಂದ ಹೊಸದಾಗಿ ಬರೆದದ್ದು. ವಾಕರ್ ಸ್ವತಃ ಬೆಂಚ್‌ರೆಸ್ಟ್, ಅಂದರೆ ರೈಫಲನ್ನು ಮೇಜಿನ ಮೇಲೆ ಆನಿಸಿ ಹೊಡೆಯುವ ಸ್ಪರ್ಧೆಯ ಗುರಿಕಾರ, ಅದು ಈ ತೋಟಾದ ಮೈಯಲ್ಲೇ ಕಾಣುತ್ತದೆ. ಗುಂಡನ್ನು ನೆಟ್ಟಗೆ ಹಿಡಿಯುವ ಉದ್ದನೆಯ ಕತ್ತು, ಮಿತವಾದ ಮದ್ದು. 50 ಗ್ರೇನ್ ಗುಂಡಿಗೆ ಸುಮಾರು 3140 ಅಡಿ ವೇಗ. 1970ರ ದಶಕದ ಮಧ್ಯದಲ್ಲಿ 6 ಪಿಪಿಸಿ ಅನ್ನುವ ತೋಟಾ ಬರುವವರೆಗೂ ಆ ಸ್ಪರ್ಧೆಗಳಲ್ಲಿ ಇದರದ್ದೇ ರಾಜ್ಯಭಾರ.

ಆಮೇಲೆ ಸೈನ್ಯಕ್ಕೆ ಇನ್ನಷ್ಟು ವೇಗ ಬೇಕಾಯಿತು. ಇದೇ ಕೇಸನ್ನು ಹಿಗ್ಗಿಸಿದರು, 1.700 ಇಂಚು ಇದ್ದದ್ದು 1.760 ಆಯಿತು. ಕೇಸು ಕಿರಿದಾಗುವ ಭುಜ ಮುಂದೆ ಹೋಯಿತು, ಗುಂಡು ಹಿಡಿಯುವ ಕತ್ತು ಮೋಟಾಯಿತು. ಅದೇ .223, 1964ರಲ್ಲಿ ಮಾರುಕಟ್ಟೆಗೆ ಬಂತು. ಸೈನ್ಯದ ಬೆಂಬಲ ಇದ್ದ ತಮ್ಮನ ಮುಂದೆ ಅಣ್ಣ ಅಂಗಡಿಗಳಿಂದ ಹಿಂದೆ ಸರಿದ. .222 ಸೋತದ್ದು ಗುರಿಯಲ್ಲಲ್ಲ, ಬೆಲೆಯಲ್ಲಿ.

ಇಷ್ಟಾದರೂ .223ರಲ್ಲೇ ಹಗುರ ಗುಂಡಿಗೆ ತಕ್ಕ ನಳಿಗೆ ಮಾಡಿಸಬಹುದಿತ್ತು, ಅಲ್ವಾ? ಖಂಡಿತ ಮಾಡಿಸಬಹುದಿತ್ತು. 200 ಗಜದಲ್ಲಿ ಗ್ರೌಂಡ್‌ಹಾಗ್‌ಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಒಂದು ತೋಟಾ ಬದುಕಿರುವುದು ಅದಕ್ಕೆ ನಳಿಗೆ ಕೊರೆಸುವವರು ಇರುವ ತನಕ ಮಾತ್ರ. ನಾವು ಕೇಳದಿದ್ದರೆ ಕಂಪನಿಯವರು ಕೇಸು ಮಾಡುವುದನ್ನು ಸುಮ್ನೆ ನಿಲ್ಲಿಸುತ್ತಾರೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ವಸ್ತು ಹಾಗೆ ಕಣ್ಮರೆಯಾಗುವುದು ನನಗೆ ಬೇಡ. ನನ್ನ ಪಾಲಿಗೆ ಇದೇ ದೊಡ್ಡ ಕಾರಣ.

ಕೆಲಸಕ್ಕೂ ಇದು ಸಲೀಸು. ಎರಡೂ ತೋಟಾಗಳ ತಳ ಒಂದೇ ಅಳತೆ, ಹಾಗಾಗಿ ಬೋಲ್ಟ್ ಮುಟ್ಟಬೇಕಿಲ್ಲ. .22-250 ಹಾಕಿಸಿದ್ದರೆ ಬೋಲ್ಟಿನ ಮುಖವೂ ಬೇರೆಯೇ ಬೇಕಿತ್ತು. ಸ್ಯಾವೇಜ್ 110 ರೈಫಲ್ ಇದ್ದವರಿಗಂತೂ ನಳಿಗೆಯ ಬುಡದಲ್ಲೇ ಒಂದು ನಟ್ ಇರುತ್ತದೆ, ಅದರಿಂದ ಅಳತೆ ಹೊಂದಿಸಬಹುದು. ರೆಮಿಂಗ್ಟನ್‌ಗೆ ಲೇತ್ ಬೇಕು, ಪಳಗಿದ ಗನ್‌ಸ್ಮಿತ್ ಕೈ ಬೇಕು.

ಆ ಕೈಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಚೇಂಬರ್ ಕೊರೆಯುವ ಹಲ್ಲಿನ ಉಪಕರಣ ರೀಮರ್‌ಗೆ ಎಣ್ಣೆ ಸವರಿ ಸ್ವಲ್ಪವೇ ಒಳಗೆ ಬಿಡುವುದು, ಹೊರಗೆ ತೆಗೆಯುವುದು, ಹಲ್ಲುಗಳಿಗೆ ಸಿಕ್ಕ ಉಕ್ಕಿನ ಸಿಂಬೆಗಳನ್ನು ಬ್ರಷ್‌ನಿಂದ ಉದುರಿಸುವುದು, ಮತ್ತೆ ಒಳಗೆ. ಕೊನೆಗೆ ಬರುವಾಗ ಒಂದೊಂದು ಸಲಕ್ಕೂ ಚೇಂಬರಿನ ಅಳತೆ ನೋಡುವ ಉಕ್ಕಿನ ಗೇಜ್ ಹಾಕಿ ನೋಡುತ್ತಿದ್ದರು. ಗೋ ಗೇಜ್ ಹಾಕಿದಾಗ ಬೋಲ್ಟ್ ಮುಚ್ಚಬೇಕು, ನೋ-ಗೋ ಹಾಕಿದಾಗ ಮುಚ್ಚಬಾರದು. ಎರಡರ ನಡುವೆ ಇಂಚಿನ ಸಾವಿರದ ಕೆಲವೇ ಭಾಗಗಳ ಅಂತರ. ನೋ-ಗೋ ಹಾಕಿದಾಗ ಬೋಲ್ಟಿನ ಹಿಡಿ ಅರ್ಧಕ್ಕೆ ಬಂದು ನಿಂತಿತು. ಅವರು ಒತ್ತಲಿಲ್ಲ, ಬೆರಳ ತುದಿಯಲ್ಲೇ ಹಿಂದಕ್ಕೆ ಬಿಟ್ಟರು. ಒತ್ತಿ ಮುಚ್ಚಿದರೆ ಅಳತೆಯೇ ಸುಳ್ಳಾಗುತ್ತದಂತೆ.

ನಳಿಗೆಯೊಳಗಿನ ಸುರುಳಿ ಗೀರಿನ ತಿರುವು 14 ಇಂಚಿಗೆ ಒಂದು ಸುತ್ತು. ಈಗಿನ .223ಗಳಲ್ಲಿ ಉದ್ದದ ಭಾರೀ ಗುಂಡಿಗಾಗಿ 8, 9 ಇಂಚಿಗೇ ಒಂದು ಸುತ್ತು ಕೊಡುತ್ತಾರೆ. ನನಗೆ ಬೇಕಿರುವುದು 50 ಗ್ರೇನಿನ ತೆಳು ಚರ್ಮದ ಗುಂಡು. ಅದು ತಾಗಿದಲ್ಲೇ ಪುಡಿಯಾಗುತ್ತದೆ, ನೆಲಕ್ಕೆ ಬಡಿದು ಪುಟಿದು ಇನ್ನೆಲ್ಲೋ ಹಾರುವ ಭಯ ತುಂಬಾ ಕಡಿಮೆ. ಹಾಗಂತ ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ನಾನು ಹೊಡೆಯುವುದಿಲ್ಲ.

ಆ ಪುಡಿಯಲ್ಲಿ ಸೀಸ ಇರುತ್ತದೆ ಅನ್ನುವುದನ್ನು ನಮ್ಮವರು ಮರೆಯುತ್ತಾರೆ, ಇದು ನನಗೆ ನಿಜಕ್ಕೂ ಬೇಜಾರು. ಬಿಟ್ಟು ಬಂದ ಪ್ರಾಣಿಯನ್ನು ಹದ್ದು, ರಣಹದ್ದು ತಿನ್ನುತ್ತವೆ, ಸೀಸ ಅವುಗಳ ಹೊಟ್ಟೆ ಸೇರುತ್ತದೆ. ಸಲಿಕೆ ತೆಗೆದುಕೊಂಡು ಹೋಗಿ, ಹೂತು ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಲದೊಳಗೆ ಮರಿ ಇರುತ್ತವೆ, ಆಗ ನಾನು ಹೋಗುವುದಿಲ್ಲ. ರೈತರಿಗೂ ಇದನ್ನು ಮೊದಲೇ ಹೇಳಿದ್ದೇನೆ.

ಕಷ್ಟವೂ ಇದೆ. .222 ತೋಟಾ ಅಂಗಡಿಯಲ್ಲಿ ಅಪರೂಪ, ಸಿಕ್ಕರೆ ದುಬಾರಿ. ಮನೆಯಲ್ಲೇ ತುಂಬಿಕೊಳ್ಳುವ ಅಭ್ಯಾಸ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ. .223 ಕೇಸನ್ನು ಡೈಯಲ್ಲಿ (ಕೇಸಿಗೆ ಆಕಾರ ಕೊಡುವ ಉಕ್ಕಿನ ಅಚ್ಚು) ಒತ್ತಿ, ಕತ್ತರಿಸಿ .222 ಮಾಡಿಕೊಳ್ಳಬಹುದು, ಆದರೆ ಕತ್ತು ದಪ್ಪವಾಗುತ್ತದೆ, ಅದನ್ನು ಅಳೆದು ಕೆತ್ತಬೇಕು. ಮನೆಯಲ್ಲಿ ಎರಡೂ ಇದ್ದರೆ ಡಬ್ಬಿ ಬೇರೆ ಬೇರೆ ಕಪಾಟಿನಲ್ಲಿಡಿ. .223 ಚೇಂಬರಿಗೆ .222 ಹೋಗಿ ಕೂರುತ್ತದೆ, ಹೊಡೆದರೆ ಕೇಸು ಒಡೆಯಬಹುದು. ಹೊಸ ನಳಿಗೆಯ ಮೇಲೆ .222 ರೆಮಿಂಗ್ಟನ್ ಅಂತ ಅಚ್ಚು ಹೊಡೆಸದೆ ಗನ್‌ಸ್ಮಿತ್ ಅಂಗಡಿಯಿಂದ ರೈಫಲ್ ತರಬೇಡಿ. ನಾಳೆ ಅದು ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು.

ಮಾಡಿಸುವ ಮನಸ್ಸಿದ್ದವರು ಮೊದಲು ಕೇಸು ಮತ್ತು ಡೈ ಹುಡುಕಿ ತಂದಿಟ್ಟುಕೊಳ್ಳಿ, ನಳಿಗೆಗೆ ಆರ್ಡರ್ ಆಮೇಲೆ ಕೊಡಿ. ನಿಮ್ಮ ಕೇಸಿನಲ್ಲಿ ಗುಂಡು ಕೂರಿಸಿದ ಒಂದು ಖಾಲಿ ತೋಟಾವನ್ನು, ಮದ್ದು ಕ್ಯಾಪ್ ಎರಡೂ ಇಲ್ಲದ್ದು, ಗನ್‌ಸ್ಮಿತ್ ಕೈಗೆ ಕೊಡಿ. ಚೇಂಬರಿನ ಕತ್ತನ್ನು, ಗೀರು ಶುರುವಾಗುವ ಜಾಗವನ್ನು ಅವರು ಅದಕ್ಕೇ ಹೊಂದಿಸಿ ಕೊರೆಯುತ್ತಾರೆ.