ದೇವರಿಗೂ ಒಂದು ಠಾಣಾ ವ್ಯಾಪ್ತಿ

ನಮ್ಮ ರಾಜ್ಯದಲ್ಲಿ ನಾಸ್ತಿಕನಾದವನು ಏನು ಬೇಕಾದರೂ ಆಗಬಹುದು. ಮೇಷ್ಟ್ರಾಗಬಹುದು, ಡಾಕ್ಟರಾಗಬಹುದು, ಅದೃಷ್ಟವಿದ್ದರೆ ಅರ್ಚಕರ ಮನೆಯ ಅಳಿಯನೂ ಆಗಬಹುದು. ರಾಜಕಾರಣಿಯಾಗಿ ಬಾಳುವುದು ಮಾತ್ರ ಕಷ್ಟ. ಕಾನೂನಿನ ಅಡ್ಡಿ ಏನೂ ಇಲ್ಲ. ತೊಂದರೆ ಬೇರೆ. ನಾಳೆ ಯಾರೋ ಒಬ್ಬರು ಟೀವಿ ಮೈಕಿನ ಮುಂದೆ ತೊಡೆ ತಟ್ಟಿ, "ತಾಕತ್ತಿದ್ದರೆ ಧರ್ಮಸ್ಥಳಕ್ಕೆ ಬಾ, ಮಂಜುನಾಥನ ಮುಂದೆ ಆಣೆ ಮಾಡು" ಅಂದರೆ ಅವನು ಏನು ಮಾಡಬೇಕು? "ನಾನು ದೇವರನ್ನು ನಂಬಲ್ಲ, ಬೇಕಾದರೆ ದಾಖಲೆ ತೋರಿಸ್ತೀನಿ" ಅಂದನೋ, ಕೆಟ್ಟ. ದಾಖಲೆ ತೋರಿಸೋನು ಕಳ್ಳನೇ ಇರಬೇಕು ಎಂದು ಸಂಜೆಯೊಳಗೆ ತೀರ್ಮಾನ ಆಗಿಬಿಡುತ್ತದೆ.

2011ರ ಜೂನ್ ನೆನಪಿದೆಯಲ್ಲ? ಆಗ ಮುಖ್ಯಮಂತ್ರಿ ಯಡಿಯೂರಪ್ಪ. ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ ಅವರ ಜೊತೆ ರಾಜಿ ಸಂಧಾನದ ಆರೋಪದ ಮೇಲೆ ಜಗಳ. ಯಾರು ಹೇಳುತ್ತಿರುವುದು ನಿಜ? ತನಿಖೆಯ ಮಾತು ಯಾರೂ ಎತ್ತಲಿಲ್ಲ. ಮಂಜುನಾಥನ ಮುಂದೆ ಆಣೆಗೆ ದಿನ ಗೊತ್ತಾಯಿತು. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಬಂದರು. ಬಂದೋಬಸ್ತು, ಕ್ಯಾಮೆರಾ, ಜೈಕಾರ, ಎಲ್ಲ ಆಯಿತು. ದರ್ಶನವೂ ಆಯಿತು. ಆಣೆಯೊಂದು ಆಗಲಿಲ್ಲ. ದೇವರ ಮುಂದೆ ಹಾಗೆಲ್ಲ ಆಣೆ ಮಾಡಬಾರದು ಎಂದು ಹಿರಿಯರು ಬುದ್ಧಿ ಹೇಳಿದ್ದರಂತೆ. ಸರಿಯಾಗಿ ಒಂದು ತಿಂಗಳಿಗೆ, ಜುಲೈ 27ಕ್ಕೆ, ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂತು. 31ಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಇದು ಮಂಜುನಾಥನ ಮಹಿಮೆ ಎಂದರು ಭಕ್ತರು. ಆ ಸಾವಿರಾರು ಪುಟ ಬರೆದ ಅಧಿಕಾರಿಗಳ ಮಹಿಮೆ ಎಂದು ಯಾರೂ ಅನ್ನಲಿಲ್ಲ. ಪಾಪ, ಅವರಿಗೆ ಹರಕೆ ಹೊರುವವರು ಯಾರು?

2019ರಲ್ಲಿ ಸರದಿ ಚಾಮುಂಡಿ ಬೆಟ್ಟದ್ದು. ಸಾ.ರಾ. ಮಹೇಶ್ ಮತ್ತು ಎಚ್. ವಿಶ್ವನಾಥ್ ನಡುವೆ ಕೋಟಿಗಟ್ಟಲೆ ದುಡ್ಡಿನ ಆರೋಪ. ಅಕ್ಟೋಬರ್ 17ರಂದು ಇಬ್ಬರೂ ಬೆಟ್ಟ ಹತ್ತಿದರು. ಎದುರುಬದುರು ಆಗಲೇ ಇಲ್ಲ. ತಾಯಿ ಚಾಮುಂಡಿ ತೀರ್ಪು ಹೇಳಲು ಕೂತೇ ಇದ್ದಳು, ವಾದಿ ಪ್ರತಿವಾದಿ ಒಟ್ಟಿಗೆ ಬರಲಿಲ್ಲ. ಕೇಸು ಬಹುಶಃ ಇನ್ನೂ ಬಾಕಿ ಇದೆ.

ಇವರೆಲ್ಲ ದೇವರನ್ನು ನಂಬುವುದಿಲ್ಲ, ಬರೀ ನಾಟಕ ಎಂದು ವಿಚಾರವಾದಿಗಳು ಹೇಳುತ್ತಾರೆ. ನಾನು ಒಪ್ಪಲ್ಲ. ನಂಬದವನಾದರೆ ಆಣೆ ಮಾಡೋಕೆ ಏನು ಕಷ್ಟ? ಕರ್ಪೂರ ಹಚ್ಚಿ, ಎರಡು ಮಾತು ಹೇಳಿ, ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ದಾರಿ ಹಿಡಿಯಬಹುದು. ಗರ್ಭಗುಡಿ ತನಕ ಬಂದು ಬಾಯಿ ಕಟ್ಟುತ್ತದೆ ಎಂದರೆ ಒಳಗೆ ಭಕ್ತಿ ಇದೆ, ಭಯವೂ ಇದೆ. "ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ" ಎಂದು ಸುಮ್ನೆ ಹೇಳ್ತಾರಾ?

ನನಗೆ ಅರ್ಥವಾಗದೆ ಉಳಿದಿರುವುದು ರಾಜಭವನ. ಅಲ್ಲಿ ಇದೇ ಜನ, ಇದೇ ದೇವರು. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಕೈಯಲ್ಲಿ ಒಂದು ಹಾಳೆ. ರಾಜ್ಯಪಾಲರು "ನಾನು" ಎಂದು ಶುರು ಮಾಡಿಕೊಟ್ಟರೆ ಸಾಕು, ಭಯ, ಪಕ್ಷಪಾತ, ರಾಗದ್ವೇಷ ಇಲ್ಲದೆ ನಡೆದುಕೊಳ್ಳುತ್ತೇನೆ ಎಂದು ಭಗವಂತನ ಹೆಸರಿನಲ್ಲಿ ಗಡಗಡ ಓದಿ ಮುಗಿಸುತ್ತಾರೆ. ಒಂದಲ್ಲ, ಎರಡು ಪ್ರಮಾಣ: ಅಧಿಕಾರದ್ದೊಂದು, ಗೋಪ್ಯತೆಯದೊಂದು. ಎರಡನೆಯದನ್ನು ಆಸ್ತಿ ವಿಚಾರದಲ್ಲಾದರೂ ಚಾಚೂ ತಪ್ಪದೆ ಪಾಲಿಸುತ್ತಾರೆ ಅನ್ನಿ. ಇಲ್ಲಿ ಯಾರ ನಾಲಿಗೆಯೂ ತಡವರಿಸುವುದಿಲ್ಲ. "ದೇವರ ಮುಂದೆ ಆಣೆ ಬೇಡ" ಎಂದು ಯಾವ ಹಿರಿಯರೂ ಓಡಿ ಬರುವುದಿಲ್ಲ. ಪೊಲೀಸ್ ಠಾಣೆಗೆ ಇರುವ ಹಾಗೆ ದೇವರಿಗೂ ವ್ಯಾಪ್ತಿ ಇದೆ ಎಂದಾಯಿತು. ನೇತ್ರಾವತಿ ದಂಡೆಯಲ್ಲಿ ಹೇಳಿದ ಸುಳ್ಳಿಗೆ ಎಫ್‌ಐಆರ್, ಬೆಂಗಳೂರಿನಲ್ಲಿ ಹೇಳಿದ್ದಕ್ಕೆ "ನಮ್ಮ ಲಿಮಿಟ್ಸ್‌ಗೆ ಬರಲ್ಲ ಸ್ವಾಮಿ."

ಸಂವಿಧಾನದಲ್ಲಿ ಇದಕ್ಕೆ ಎರಡು ದಾರಿ ಇಟ್ಟಿದ್ದಾರೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸು. ನಾಸ್ತಿಕನಿಗೂ ಒಂದು ಬಾಗಿಲು. ಆದರೆ ನಮ್ಮವರಿಗೆ ಎರಡು ಸಾಲದು. 2021ರಲ್ಲಿ ಆನಂದ್ ಸಿಂಗ್ ವಿರೂಪಾಕ್ಷ, ಭುವನೇಶ್ವರಿಯರ ಹೆಸರು ಹೇಳಿದರು, ಪ್ರಭು ಚವ್ಹಾಣ್ ಗೋಮಾತೆ, ಬಂಜಾರರ ಗುರು ಸೇವಾಲಾಲರ ಹೆಸರು ಹೇಳಿದರು. 2023ರಲ್ಲಿ ಡಿ.ಕೆ. ಶಿವಕುಮಾರ್ ತಾವು ನಂಬುವ ಗುರು ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣ ಮಾಡಿದರು. ಪಕ್ಕದ ಕೇರಳದಲ್ಲಿ ಶಾಸಕರೊಬ್ಬರು ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದ್ದು ಊರ್ಜಿತವಲ್ಲ ಎಂದು ಅಲ್ಲಿನ ಹೈಕೋರ್ಟು 2003ರಲ್ಲೇ ಹೇಳಿತ್ತು. ನಮ್ಮಲ್ಲಿ ಅದೆಲ್ಲ ಯಾರು ಓದ್ತಾರೆ?

ಹಾಗೆ ನೋಡಿದರೆ ಈ ದೇಶದಲ್ಲಿ ದೇವರು ಒಂದು ಸಲ ಮತದಾನದಲ್ಲಿ ಸೋತದ್ದೂ ಇದೆ. 1949ರ ಅಕ್ಟೋಬರ್ 17. ಸಂವಿಧಾನದ ಪ್ರಸ್ತಾವನೆ "ದೇವರ ಹೆಸರಿನಲ್ಲಿ" ಎಂದು ಶುರುವಾಗಬೇಕು ಎಂದು ಸಂವಿಧಾನ ರಚನಾ ಸಭೆಯಲ್ಲಿ ಸದಸ್ಯ ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಮಂಗಳೂರಿನಲ್ಲಿ ಹುಟ್ಟಿದವರು, ನಮ್ಮವರೇ. ದೇವರನ್ನು ಮತಕ್ಕೆ ಹಾಕುವ ಮುಜುಗರ ಬೇಡ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಬಿಡಲಿಲ್ಲ. ದೇವರಿಗೆ 41, ವಿರುದ್ಧ 68. ವಿರೋಧಿಸಿದವರಲ್ಲಿ ದೈವಭಕ್ತರೂ ಇದ್ದರು. ನಂಬಿಕೆಯನ್ನು ಎಲ್ಲರ ಮೇಲೆ ಹೇರಬಾರದು ಎಂಬುದು ಅವರ ವಾದ. ಠೇವಣಿ ಉಳಿಯಿತು, ಅಷ್ಟೇ ಸಮಾಧಾನ. ಆಗಿನ್ನೂ ರೆಸಾರ್ಟ್ ಇರಲಿಲ್ಲ, ಆಪರೇಷನ್ ಇರಲಿಲ್ಲ. 14 ಜನ ಈ ಕಡೆ ಹಾರಿದ್ದರೆ ದೇವರು ಒಂದೇ ಮತದಿಂದ ಗೆಲ್ಲುತ್ತಿದ್ದ.

ಮೊನ್ನೆ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರನ್ನು ಕೇಳಿದೆ. "ನಾಸ್ತಿಕ ಒಬ್ಬ ಚುನಾವಣೆಗೆ ನಿಂತರೆ ಓಟು ಹಾಕ್ತೀರಾ ಸಾರ್?"

"ಹಾಕಬಹುದು ಕಣಯ್ಯಾ. ಆದ್ರೆ ನಾಳೆ ಅವನು ಸುಳ್ಳು ಹೇಳಿದ್ರೆ ಎಲ್ಲಿಗೆ ಎಳ್ಕೊಂಡು ಹೋಗೋದು?"

"ಕೋರ್ಟಿಗೆ ಸಾರ್. ಅಲ್ಲಿ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದ್ರೆ 7 ವರ್ಷದವರೆಗೂ ಜೈಲು."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ನನ್ನ ಸೈಟಿನ ಕೇಸು ಶುರುವಾದಾಗ ಮಗಳು ಹೈಸ್ಕೂಲು. ಈಗ ಮೊಮ್ಮಗ ಹೈಸ್ಕೂಲು. ಧರ್ಮಸ್ಥಳಕ್ಕಾದ್ರೆ ರಾತ್ರಿ ಬಸ್ಸು ಹತ್ತಿದ್ರೆ ಬೆಳಗ್ಗೆ ಇಳೀತೀವಿ. ಊಟಾನೂ ಹಾಕ್ತಾರೆ."